ಕಡಲೆಕಾಯಿ ಬೇಡ ಅಂದಿದ್ದು ಯಾಕೆ?

ಬ್ರದರ್, ವಂದನೆಗಳು.

'ಅನ್ಯಜನರಿಗೆ ಸುವಾರ್ತೆ ಸಾರಿರಿ' ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಮಾಸಪತ್ರಿಕೆಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಅದರೊಳಗೆ ಒಂದು ಒಳ್ಳೆಯ ಬರಹ ಅಡಗಿ ಕೂತಿದೆ.

ಆರು ಪುಟಗಳಲ್ಲಿ ಮೊದಲ ಮೂರು ಬರೀ ಬೈಬಲ್ ವಚನಗಳು. ಅವನ್ನು ನಮ್ಮ ಓದುಗರು ಭಾನುವಾರ ಕೇಳಿಯೇ ಇರುತ್ತಾರೆ. ನಾಲ್ಕನೇ ಪುಟದಲ್ಲಿ ನೀವು ಮಂಡ್ಯದಲ್ಲಿ ಮೈಸೂರಿನ ಪ್ಯಾಸೆಂಜರ್ ರೈಲು ಹತ್ತುತ್ತೀರಿ. ಎದುರು ಸೀಟಿನಲ್ಲಿ ಒಬ್ಬರು ಅಜ್ಜಿ. ಅವರ ಕೈಗೆ ಕರಪತ್ರ ಕೊಡುತ್ತೀರಿ. "ಓದಾಕ್ ಬರಲ್ಲ ಕಣ್ಮಗ. ನಮ್ಗೂ ದೇವ್ರವ್ನೆ. ತಗೋ, ಕಡ್ಲೆಕಾಯಿ ತಿನ್ನು" ಅನ್ನುತ್ತಾರೆ ಅವರು. ನೀವು ಬೇಡ ಅಂದು ನಿಮ್ಮ ಮಾತು ಮುಂದುವರಿಸುತ್ತೀರಿ. ಪಾಂಡವಪುರದಲ್ಲಿ ಅಜ್ಜಿ ಇಳಿದು ಹೋಗುತ್ತಾರೆ. ಇದಕ್ಕೆಲ್ಲ ನಾಲ್ಕೇ ಸಾಲು! ಮೇಲೆ 'ಆಕೆಯ ಹೃದಯ ಕಠಿಣವಾಗಿತ್ತು' ಅಂತ ಒಂದು ಷರಾ.

ಹೌದಾ? ಆ ಬೋಗಿಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದವರು ನೀವೇ ಅನ್ನಿಸಿತು ನನಗೆ. ಆರು ಪುಟಗಳಲ್ಲಿ ನಿಮ್ಮನ್ನು ಬಿಟ್ಟು ಬೇರೆಯವರು ಬಾಯಿ ತೆರೆಯುವುದು ಇದೊಂದೇ ಸಲ. ಅಜ್ಜಿ ಎಲ್ಲಿಗೆ ಹೋಗಿ ಬರುತ್ತಿದ್ದರು? ಅವರ ದೇವರು ಯಾವುದು? ಕೇಳಿದ್ದರೆ ಬರೆಯಿರಿ. ಕೇಳಿರದಿದ್ದರೆ, ಕೇಳಲಿಲ್ಲ ಅಂತಲೇ ಬರೆಯಿರಿ. ಅದು ಇನ್ನೂ ಒಳ್ಳೆಯದು.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಿಂದ 35ನೇ ವಚನ ಎತ್ತಿಕೊಂಡಿದ್ದೀರಿ, ಹೊಲ ಕೊಯ್ಲಿಗೆ ಬಂದಿದೆ ಅನ್ನುವುದು. ಅದೇ ಅಧ್ಯಾಯದ 7ನೇ ವಚನಕ್ಕೆ ಹೋಗಿ. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತು ಶುರು ಮಾಡುವುದು ಕುಡಿಯೋಕೆ ನೀರು ಕೇಳಿ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆಯೇ ಇಟ್ಟುಕೊಳ್ಳದಿದ್ದ ಕಾಲ ಅದು. ನೀವೋ, ತಾನಾಗಿ ಬಂದ ಒಂದು ಹಿಡಿ ಕಡಲೆಕಾಯಿ ಬೇಡ ಅಂದಿರಿ.

'ಅನ್ಯಜನರು' ಅನ್ನುವ ಪದ ಬೈಬಲಿನಲ್ಲಿದೆ, ಗೊತ್ತು. ಆದರೆ ಪಾಂಡವಪುರದ ಅಜ್ಜಿ ಮಂಡ್ಯದವರಾದ ನಿಮಗೆ ಅನ್ಯರು ಹೇಗಾಗುತ್ತಾರೆ? ಮೊದಲು ತಲೆಬರಹದಿಂದ ಅದನ್ನು ತೆಗೆಯಿರಿ.

ಇನ್ನೊಂದು ತಪ್ಪು. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಶ್ರೀರಂಗಪಟ್ಟಣದ ಸುತ್ತ ಬರೀ ಬೋಧನೆಯಿಂದ ಸಾವಿರಾರು ಜನರನ್ನು ಗೆದ್ದರು ಅಂದಿದ್ದೀರಿ. ಅವರೇ ಇದನ್ನು ಓದಿದ್ದರೆ ನಕ್ಕುಬಿಡುತ್ತಿದ್ದರು. ಸುಮಾರು 30 ವರ್ಷ ಈ ದೇಶದಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ಮರಳಿದವರು ಅವರು. ಹಿಂದೂಗಳನ್ನು ಮತಾಂತರ ಮಾಡುವುದು ಆಗುವ ಕೆಲಸವಲ್ಲ ಅಂತ ಅದೇ ವರ್ಷ ಅಚ್ಚಾದ ಪತ್ರಗಳಲ್ಲಿ ಬೇಸತ್ತು ಬರೆದಿದ್ದಾರೆ. ಆದರೆ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರೂ ಅವರೇ. ತೋಳು ಚಾಚಿದವರು ಯಾರೂ ಧರ್ಮ ಹುಡುಕಿಕೊಂಡು ಬಂದವರಲ್ಲ. 1906ರಲ್ಲಿ ಶುರುವಾದ ಮೈಸೂರಿನ ಮಿಷನ್ ಆಸ್ಪತ್ರೆಗೆ ಹೆರಿಗೆಗೆ ಬಂದವರೂ ಅಷ್ಟೇ. (ನಮ್ಮ ಬೀದಿಯ ಅರ್ಧ ಜನ ಹುಟ್ಟಿದ್ದು ಅಲ್ಲೇ.) ಇವರ ಬಗ್ಗೆ ಬೇಕಾದರೆ ಬೇರೆ ಲೇಖನ ಬರೆಯಿರಿ, ಇದರಲ್ಲಿ ತುರುಕಬೇಡಿ.

ರೈಲಿನಿಂದಲೇ ಶುರು ಮಾಡಿ. ಎರಡು ಪುಟ ಸಾಕು, ವಚನ ಒಂದೇ ಇರಲಿ. ಮತ್ತೆ, ಆ ಕರಪತ್ರ ಏನಾಯಿತು ಅಂತ ನೀವು ಹೇಳಿಯೇ ಇಲ್ಲ. ಅಜ್ಜಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರಾ, ಇಲ್ಲ ಕಡಲೆಕಾಯಿ ಸಿಪ್ಪೆ ಹಾಕಿಕೊಂಡರಾ? ನೋಡಿರುತ್ತೀರಿ ಅಲ್ವಾ, ಎದುರಿಗೇ ಕೂತಿದ್ದಿರಿ. ಮುಂದಿನ ತಿಂಗಳ 10ರೊಳಗೆ ಕಳಿಸಿ.