ಸಂಪಾದಕರ ಉತ್ತರ: ಬೇಡವೆನ್ನುವ ಹಕ್ಕು ನಮಗಿದೆಯೇ?

(ಕಾಪು ತಾಲೂಕಿನ ಓದುಗರೊಬ್ಬರ ಪತ್ರದಿಂದ: "ಮಳೆಗಾಲದ ಏಣೆಲು ಭತ್ತದ ಬೆಳೆಗೆ ಯೂರಿಯಾ ತರಲು ಹೋದರೆ, ಚೀಲದ ಜೊತೆ ನ್ಯಾನೋ ಯೂರಿಯಾ ಬಾಟಲಿಯನ್ನೂ ಕೊಳ್ಳಲೇಬೇಕು ಎಂದರು. ಮೊಮ್ಮಗಳು ಜಗಿಯುವ ಚೂಯಿಂಗ್ ಗಮ್‌ನಲ್ಲೂ ನ್ಯಾನೋ ಇದೆಯಂತೆ. ನಮ್ಮ ಅನ್ನ ಕಂಪನಿಗಳ ಕೈಗೆ ಹೋಗುತ್ತಿದೆ. ಈ ನ್ಯಾನೋ ವಿಷವೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿ.")

ಮಾನ್ಯರೇ,

ಒಂದೇ ಮಾತಿನಲ್ಲಿ ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಸಾಮಾನ್ಯವಾಗಿ 100 ನ್ಯಾನೋಮೀಟರಿಗಿಂತ ಸಣ್ಣ ಕಣಗಳನ್ನು ಈ ಲೆಕ್ಕಕ್ಕೆ ಸೇರಿಸುತ್ತಾರೆ. ಅಷ್ಟು ಸಣ್ಣದಾದಾಗ ಬೆಳ್ಳಿಯಾಗಲಿ ಸತುವಾಗಲಿ ನಾವು ಬಲ್ಲ ಹಾಗೆಯೇ ವರ್ತಿಸುತ್ತದೆ ಎನ್ನಲಾಗದು. ಆದ್ದರಿಂದ ದಪ್ಪ ಪುಡಿಯ ಮೇಲೆ ನಡೆಸಿದ ಹಳೆಯ ಪರೀಕ್ಷೆಯನ್ನು ನಂಬಿ ಸಣ್ಣ ಕಣವನ್ನು ಒಪ್ಪಲಾಗುವುದಿಲ್ಲ. ಪ್ರತಿಯೊಂದನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು. ಕೆಲವು ಉಪಯುಕ್ತವಾಗಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನಿಮ್ಮ ಬಾಟಲಿಗೆ ಬರೋಣ. 2021ರಲ್ಲಿ ರಸಗೊಬ್ಬರ ಸಂಸ್ಥೆ ಇಫ್ಕೋ ನ್ಯಾನೋ ಯೂರಿಯಾ ತಂದಾಗ, ಅರ್ಧ ಲೀಟರ್ ಬಾಟಲಿ 45 ಕಿಲೋ ಚೀಲಕ್ಕೆ ಸಮ ಎಂದು ಪ್ರಚಾರ ನಡೆಯಿತು. ಚೀಲದಲ್ಲಿರುವ ಸಾರಜನಕ ಶೇ. 46, ಅಂದರೆ 20 ಕಿಲೋಗಿಂತ ಹೆಚ್ಚು. ಬಾಟಲಿಯಲ್ಲಿದ್ದದ್ದು ಶೇ. 4, ಅಂದರೆ ಸುಮಾರು 20 ಗ್ರಾಂ. ಎಲೆಗೆ ಸಿಂಪಡಿಸುವುದರಿಂದ ಪೋಲಾಗದೆ ಗಿಡಕ್ಕೇ ಸೇರುತ್ತದೆ ಎಂಬುದು ತಯಾರಕರ ವಾದ. ನೆಲಕ್ಕೆ ಹಾಕಿದ ಯೂರಿಯಾದಲ್ಲಿ ದೊಡ್ಡ ಪಾಲು ಗಾಳಿಗೂ ನೀರಿಗೂ ಹೋಗುವುದು ನಿಜವೇ. ಆದರೆ ಪೋಲನ್ನೆಲ್ಲ ಉಳಿಸಿದರೂ 20 ಗ್ರಾಂ 20 ಕಿಲೋದ ಕೆಲಸ ಮಾಡುವುದು ಹೇಗೆ? ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಪ್ರಯೋಗದಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ಇಳಿಯಿತು. 2024ರಲ್ಲಿ ಸಾರಜನಕ ಹೆಚ್ಚಿಸಿದ ಬಾಟಲಿ ಬಂತು. ಇಫ್ಕೋ ಖಾಸಗಿ ಕಂಪನಿಯಲ್ಲ, ಸಹಕಾರಿ ಸಂಘಗಳದ್ದೇ ಸಂಸ್ಥೆ ಎಂಬುದನ್ನೂ ಹೇಳಬೇಕು. ಒಡೆತನ ರೈತರದ್ದೇ ಆದರೂ ತೀರ್ಮಾನ ರೈತನದ್ದಾಗಲಿಲ್ಲ ಎಂಬುದೇ ನನಗೆ ನೋವಿನ ಸಂಗತಿ.

ಚೂಯಿಂಗ್ ಗಮ್‌ಗೆ ಬಿಳುಪು ಕೊಡಲು ಟೈಟಾನಿಯಂ ಡೈಆಕ್ಸೈಡ್ ಬಳಸುವುದುಂಟು. ಲೇಬಲ್ಲಿನಲ್ಲಿ 171 ಎಂಬ ಸಂಖ್ಯೆ ನೋಡಿ. ಅದರ ಕಣಗಳಲ್ಲಿ ಒಂದಷ್ಟು ನ್ಯಾನೋ ಗಾತ್ರದವು. ವಂಶವಾಹಿಗೆ ಹಾನಿಯಾಗುವುದಿಲ್ಲ ಎಂದು ಖಚಿತವಾಗಿ ಹೇಳಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿತು. 2022ರಲ್ಲಿ ಅಲ್ಲಿ ಆಹಾರದಲ್ಲಿ ಅದರ ಬಳಕೆಗೆ ನಿಷೇಧ ಬಂತು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ, ಹಳೆಯ ಅನುಮತಿ ಬದಲಿಸುವ ಅಗತ್ಯವಿಲ್ಲ ಎಂದಿತು. ತಜ್ಞರಲ್ಲೇ ಒಮ್ಮತವಿಲ್ಲ ಎಂದಮೇಲೆ ತಿನ್ನುವವರಿಗೆ ಗೊತ್ತಾಗಬೇಡವೇ? ಪದಾರ್ಥಪಟ್ಟಿಯಲ್ಲಿ ನ್ಯಾನೋ ಎಂದು ನಮೂದಿಸಬೇಕೆಂಬ ನಿಯಮ ಯುರೋಪಿನಲ್ಲಿ 2014ರಿಂದಲೇ ಇದೆ. ನಮ್ಮಲ್ಲಿ 2020ರಲ್ಲಿ ಕೇಂದ್ರ ಸರಕಾರ ನ್ಯಾನೋ ಸರಕುಗಳನ್ನು ಪರಿಶೀಲಿಸಲು ಮಾರ್ಗಸೂಚಿ ಹೊರಡಿಸಿತು. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡುವ ತಾಯಿಗೆ ಅದರಿಂದ ಏನೂ ಸಿಕ್ಕಿಲ್ಲ.

ಕಂಪನಿಗಳ ಕೈ ಎಂದಿರಿ. ನಿಮ್ಮ ತಾಲೂಕಿನ ಮಟ್ಟು ಗುಳ್ಳವನ್ನೇ ನೋಡಿ. ಉಡುಪಿಯ ಯತಿ ವಾದಿರಾಜರ ಹೆಸರಿನೊಂದಿಗೆ ಬೆಸೆದುಕೊಂಡ ಬದನೆ ಅದು. ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ಸಾಂಬಾರಿಗೆ ಬೇಕೇ ಬೇಕು. ತಲೆತಲಾಂತರದಿಂದ ಬೀಜ ಎತ್ತಿಟ್ಟು ಉಳಿಸಿದವರು ಮಟ್ಟುವಿನ ಬೆಳೆಗಾರರು. ಹುಳು ತಡೆಯಲೆಂದು ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಬಿಟಿ ಬದನೆ ತಯಾರಿಸುವಾಗ ಕರ್ನಾಟಕದ ಸ್ಥಳೀಯ ತಳಿಗಳಿಗೂ ಕಂಪನಿಯ ವಂಶವಾಹಿ ಸೇರಿಸಿದರು. ಅವುಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. 2009ರ ಅಕ್ಟೋಬರಿನಲ್ಲಿ ಬಿಟಿ ಬದನೆಗೆ ತಜ್ಞರ ಸಮಿತಿಯ ಒಪ್ಪಿಗೆ ಸಿಕ್ಕಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ದೇಶದ ಏಳು ನಗರಗಳಲ್ಲಿ ಸಭೆ ಕರೆದು ಜನರನ್ನು ಕೇಳಿದರು. 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಅನುಮತಿಯಿಲ್ಲದೆ ತಳಿ ಬಳಸಿದ ಪ್ರಶ್ನೆಯನ್ನು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕೈಗೆತ್ತಿಕೊಂಡಿತು. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತು (ಜಿಐ) ದೊರೆಯಿತು. ಬೆಳೆಗಾರರೂ ಜನರೂ ಬಾಯಿ ಬಿಟ್ಟು ಕೇಳಿದ್ದಕ್ಕೇ ಬಿಟಿ ಬದನೆಗೆ ತಡೆ ಬಿತ್ತು.

ನ್ಯಾನೋ ವಿಷಯದಲ್ಲಿ ಅಂಥ ಸಭೆ ನಮ್ಮ ಜಿಲ್ಲೆಗಳಲ್ಲಿ ಆಗಬೇಕು. ಅಡಿಕೆಯ ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುವುದು ಇಲ್ಲಿನ ಕೃಷಿಕರಿಗೆ ಕರಗತ. ಅದು ಯಾರ ಪೇಟೆಂಟೂ ಅಲ್ಲ. ನಾಳೆ ಅದೇ ತಾಮ್ರ ನ್ಯಾನೋ ಆಗಿ ಮುಚ್ಚಿದ ಬಾಟಲಿಯಲ್ಲಿ ಬಂದರೆ, ಹದವೂ ದರವೂ ಬೇರೆಯವರ ಕೈಗೆ ಹೋಗುತ್ತದೆ. ಮರವೇರಿ ಸಿಂಪಡಿಸುವ ಕೂಲಿಯವನ ಶ್ವಾಸಕೋಶಕ್ಕೆ ಏನು ಹೋಯಿತೆಂದು ಯಾರು ನೋಡುತ್ತಾರೆ? ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ಕೆಳಗಿದ್ದವರನ್ನು ಯಾರೂ ಕೇಳಿರಲಿಲ್ಲ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಆ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ನ್ಯಾನೋ ಎಂಡೋಸಲ್ಫಾನ್ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಮನೆಗಳನ್ನು ಕಂಡ ಜಿಲ್ಲೆಯವರು ಮೊದಲೇ ಕೇಳುವುದು ತಪ್ಪಲ್ಲ ಎನ್ನುತ್ತಿದ್ದೇನೆ.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇದೆ. ಯೂರಿಯಾದೊಂದಿಗೆ ಬೇರೆ ಸರಕು ಕೊಳ್ಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಬಾಟಲಿ ಬೇಡವೆನ್ನಿ, ರಸೀದಿ ಕೇಳಿ, ಒಪ್ಪದಿದ್ದರೆ ಕೃಷಿ ಇಲಾಖೆಗೆ ಬರಹದಲ್ಲಿ ದೂರು ಕೊಡಿ. ಕಾನೂನಿನ ಪ್ರಕಾರ ನಿಮ್ಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಸಭೆ ಸೇರುತ್ತಿದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ದೂರಿನ ಪ್ರತಿ ನಮಗೂ ಕಳಿಸಿ. ಇಲಾಖೆಯ ಉತ್ತರದೊಂದಿಗೆ ಪ್ರಕಟಿಸುತ್ತೇವೆ.

– ಸಂಪಾದಕ