ಹನ್ನೊಂದು ಮಾತಿನ ಅಜ್ಜಿ ಪಾತ್ರ ಬಿಟ್ಟುಬಿಡಲಾ?

ಪ್ರಶ್ನೆ: ನನಗೆ 57 ವರ್ಷ. ರಾಜಾಜಿನಗರದಲ್ಲಿ ಮನೆ. ಯಜಮಾನರು ಅಕೌಂಟ್ಸ್ ವಿಭಾಗದಲ್ಲಿದ್ದು ಮೂರು ವರ್ಷದ ಹಿಂದೆ ರಿಟೈರ್ ಆದರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಏಳು ವರ್ಷದ ಮೊಮ್ಮಗಳು ಸ್ಕೂಲಿನಿಂದ ಬಂದ ಮೇಲೆ ಅವಳನ್ನು ನೋಡಿಕೊಳ್ಳುವುದು ನಾನೇ. ನಾಲ್ಕು ತಿಂಗಳ ಹಿಂದೆ ಪಕ್ಕದ ಬೀದಿಯವರೊಬ್ಬರು ಒಂದು ಹವ್ಯಾಸಿ ನಾಟಕ ತಂಡಕ್ಕೆ ಕರೆದುಕೊಂಡು ಹೋದರು. ಸುಮ್ನೆ ನೋಡಲು ಹೋದವಳಿಗೆ ಅಜ್ಜಿ ಪಾತ್ರ ಕೊಟ್ಟುಬಿಟ್ಟರು. ಒಟ್ಟು ಹನ್ನೊಂದು ಮಾತು. ವಾರಕ್ಕೆ ಮೂರು ಸಂಜೆ ತಾಲೀಮು, ಆರೂವರೆಯಿಂದ ಒಂಬತ್ತು. ಇನ್ನು ಏಳು ವಾರಕ್ಕೆ ಪ್ರದರ್ಶನ. ಹೋಗಿಬಂದ ದಿನ ಚೆನ್ನಾಗಿ ನಿದ್ದೆ ಬರುತ್ತದೆ. ಆದರೆ ಮನೆಯಲ್ಲಿ ಕಿರಿಕಿರಿ. ಯಜಮಾನರು, "ಈ ವಯಸ್ಸಲ್ಲಿ ಬಣ್ಣ ಹಚ್ಕೊಳ್ಳೋದು ಬೇಕಾ? ಅವರೇನು ದುಡ್ಡು ಕೊಡ್ತಾರಾ? ನೀನೇ ತಿಂಗಳಿಗೆ 300 ರೂಪಾಯಿ ಚಂದಾ ಕೊಡ್ತೀಯ. ರಾತ್ರಿ ಊಟ ಬಡಿಸೋರು ಯಾರು? ಬೇಕಿದ್ರೆ ದೇವಸ್ಥಾನದ ಭಜನೆಗೆ ಹೋಗು" ಎನ್ನುತ್ತಾರೆ. ಮಗ ಏನೂ ಹೇಳುವುದಿಲ್ಲ, ಆದರೆ ತಾಲೀಮಿನ ದಿನ ಅವನ ಮುಖ ಸರಿ ಇರುವುದಿಲ್ಲ. ಹೋಗಲಿ, ನಾನೇನು ಚೆನ್ನಾಗಿ ಮಾಡುತ್ತೇನಾ ಅಂದರೆ ಅದೂ ಇಲ್ಲ. ಹೋದ ವಾರ ಆರನೇ ಮಾತು ಮರೆತು ಹಾಗೇ ನಿಂತುಬಿಟ್ಟೆ. ಬಿಟ್ಟುಬಿಡಲಾ?
— ಹೆಸರು ಬೇಡ, ರಾಜಾಜಿನಗರ

ಉತ್ತರ: ನಮಸ್ಕಾರ ಕಣ್ರೀ. ನಿಮ್ಮ ಮಾತು ಎಷ್ಟು ಅಂತ ಎಣಿಸಿಟ್ಟಿದ್ದೀರಿ. ಮರೆತಿದ್ದು ಎಷ್ಟನೆಯದು ಅಂತಲೂ ನೆನಪಿದೆ. ಬಿಡುವ ಮನಸ್ಸಿದ್ದವರು ಇಷ್ಟು ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಬಿಡಬೇಡಿ.

ದುಡ್ಡಿನ ಮಾತು ಮೊದಲು ಮುಗಿಸೋಣ. ಜೆ.ಸಿ. ರಸ್ತೆಯಲ್ಲಿ ಎ.ಡಿ.ಎ. ರಂಗಮಂದಿರ ಇದೆಯಲ್ಲ, ಅದರ ಹೆಸರಿನ ಮೊದಲ 'ಎ' ಅಂದರೆ ಅಮೆಚೂರ್. ಅಂದರೆ ಹವ್ಯಾಸಿ. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡು ನಾಟಕ ಆಡಿದವರ ಸಂಘದ ಹೆಸರು ಅದು. ದೊಡ್ಡ ನಟ ಅಂತ ಹೆಸರಾದ ಬಳ್ಳಾರಿ ರಾಘವರು ವೃತ್ತಿಯಲ್ಲಿ ವಕೀಲರು. ನಮ್ಮ ಕಾಲದಲ್ಲೂ ಬ್ಯಾಂಕು, ಕಾರ್ಖಾನೆ, ಸರ್ಕಾರಿ ಆಫೀಸು ಮುಗಿಸಿ ಟಿಫಿನ್ ಕ್ಯಾರಿಯರ್ ಕೈಯಲ್ಲಿ ಹಿಡಿದೇ ತಾಲೀಮಿಗೆ ಬರುತ್ತಿದ್ದರು. ಮಲೆನಾಡಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಶುರುವಾಗಿದ್ದೂ ಊರಿನವರ ಹವ್ಯಾಸಿ ತಂಡವಾಗಿಯೇ. ಇವರೆಲ್ಲ ಕೈಯಿಂದ ಹಾಕಿದವರೇ ಹೊರತು ಗಳಿಸಿದವರಲ್ಲ. 300 ರೂಪಾಯಿಗೆ ಈಗ ಬೆಂಗಳೂರಲ್ಲಿ ಏನು ಬರುತ್ತದೆ ಅಂತ ಅಕೌಂಟ್ಸ್‌ನವರಿಗೆ ನಾನು ಹೇಳಬೇಕಾ?

ಇಷ್ಟಕ್ಕೂ ನಿಮ್ಮ ಮನೆಯ ಜಗಳ ದುಡ್ಡಿನದಲ್ಲ ಅಂತ ನನ್ನ ಅನುಮಾನ. ಅದಕ್ಕೆ ಆಮೇಲೆ ಬರುತ್ತೇನೆ.

ತಾಲೀಮಿನ ದಿನ ನಿದ್ದೆ ಚೆನ್ನಾಗಿ ಬರುತ್ತದೆ ಅಂದಿರಿ. ಯಾಕೆ ಅಂತ ಯೋಚಿಸಿದ್ದೀರಾ? ಮನೆಯಲ್ಲೂ ನಿಮಗೆ ಸುಸ್ತಾಗುತ್ತದೆ, ಆದರೆ ಮನೆಯಲ್ಲಿ ನೀವು ಯಾರದೋ ಅಮ್ಮ, ಯಾರದೋ ಹೆಂಡತಿ, ಯಾರದೋ ಅಜ್ಜಿ. ನೀವು ಇರುತ್ತೀರಿ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಎದುರು ನೋಡುವುದಿಲ್ಲ. ತಾಲೀಮಿನಲ್ಲಿ ಹಾಗಲ್ಲ. ಹತ್ತು ನಿಮಿಷ ತಡವಾದರೆ ಫೋನ್ ಬರುತ್ತದೆ. ನೀವು ಬರದಿದ್ದರೆ ನಿಮ್ಮ ಎದುರಿನ ಪಾತ್ರದ ಹುಡುಗ ಗೋಡೆಗೆ ಮಾತು ಹೇಳಬೇಕು. ಅಲ್ಲಿ ನಿಮಗಾಗಿ ಕಾಯುವವರಿದ್ದಾರೆ. ನಟನೆ ಕಲಿಯುವುದು, ನೆನಪು ಚುರುಕಾಗುವುದು, ಜನರ ಮುಂದಿನ ಹೆದರಿಕೆ ಹೋಗುವುದು, ಎಲ್ಲ ಇರಬಹುದು. ನನ್ನ ಲೆಕ್ಕದಲ್ಲಿ ಕಾಯುವವರು ಇರುವುದೇ ಜಾಸ್ತಿ.

ನನ್ನದೇ ಕಥೆ ಹೇಳುತ್ತೇನೆ. ಮೂವತ್ತರ ಆಸುಪಾಸಿನಲ್ಲಿ ನಾನೂ ಒಂದು ತಂಡದಲ್ಲಿದ್ದೆ. ನಟನೆಗೆ ಅಲ್ಲ, ಅದು ನನಗೆ ಬರುತ್ತಲೇ ಇರಲಿಲ್ಲ. ವಿಂಗ್ಸ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುಗುಟ್ಟಿ ಪ್ರಾಂಪ್ಟ್ ಮಾಡುವ ಕೆಲಸ. ಒಂದು ಶೋನಲ್ಲಿ ಗಡಿಬಿಡಿಯಲ್ಲಿ ಎರಡು ಪುಟ ಒಟ್ಟಿಗೆ ಮಗುಚಿದೆ. ಮುಂದಿನ ದೃಶ್ಯದ ಮಾತು ಪಿಸುಗುಟ್ಟಿದೆ. ಆ ಪುಣ್ಯಾತ್ಮ ಅದನ್ನೇ ಗಟ್ಟಿಯಾಗಿ ಹೇಳಿಬಿಟ್ಟ. ಇನ್ನೂ ಸಾಯದ ಮಾವನ ತಿಥಿಗೆ ಏನೇನು ಅಡುಗೆ ಅಂತ, ಆ ಮಾವನ ಎದುರಿಗೇ! ಜನ ನಕ್ಕರು, ನಾಟಕದಲ್ಲೇ ಇದೆ ಅಂದುಕೊಂಡರು. ನಿರ್ದೇಶಕರು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಎಲ್ಲರೂ ಹೋಗಿ ಬೈಟು ಕಾಫಿ ಕುಡಿದೆವು. ಅದೇ ವರ್ಷ ನನ್ನ ತಾಯಿ ಆಸ್ಪತ್ರೆ ಸೇರಿದಾಗ ಎರಡು ರಾತ್ರಿ ಅವರ ಪಕ್ಕ ಕೂತಿದ್ದು ನಮ್ಮ ಲೈಟಿಂಗ್ ಹುಡುಗ. ಅವನ ಮನೆ ಎಲ್ಲಿ ಅಂತಲೂ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಆರನೇ ಮಾತಿನ ಚಿಂತೆ ಬಿಡಿ.

ಭಜನೆಯ ವಿಷಯ. ಯಜಮಾನರ ಸಲಹೆಯಲ್ಲಿ ತಪ್ಪಿಲ್ಲ. ಭಜನೆ ಮಂಡಳಿಯೂ ಇದೇ ಜಾತಿಯದು, ಕೋಲಾಟದ ಗುಂಪೂ ಅಷ್ಟೆ. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ದೊಡ್ಡವರಿಗಾಗಿ ನಡೆಯುವ ಹೊಸ ತರಗತಿಗಳು. ಕೆಲವು ಹಾಡಿನವು, ಕೆಲವು ಕರಕುಶಲದವು, ಕೆಲವು ಕಥೆ-ಕವಿತೆ ಬರೆಯುವವು. ಹಾಡಿನ ಗುಂಪಿನವರು ಶುರುವಿನಲ್ಲೇ ಬೇಗ ಹತ್ತಿರವಾದರು. ಆದರೆ ಏಳು ತಿಂಗಳು ಕಳೆಯುವಷ್ಟರಲ್ಲಿ ಉಳಿದ ಗುಂಪಿನವರೂ ಅಷ್ಟೇ ಹತ್ತಿರವಾಗಿದ್ದರು. ಹಾಡಿಗೆ ಪರಿಚಯದ ಬಿಗುಮಾನ ಮುರಿಯುವ ಶಕ್ತಿ ಜಾಸ್ತಿ. ಮಿಕ್ಕಿದ್ದೆಲ್ಲ ವಾರವಾರ ಹೋಗಿ ಒಟ್ಟಿಗೆ ಕೂತು ಏನಾದರೂ ಮಾಡುವುದರಿಂದ ಬರುತ್ತದೆ. ಆದ್ದರಿಂದ ಭಜನೆಯೂ ನಡೆಯುತ್ತದೆ, ನಾಟಕವೂ ನಡೆಯುತ್ತದೆ. ಆದರೆ ನೀವು ಆಗಲೇ ನಾಲ್ಕು ತಿಂಗಳು ಕಳೆದಿರುವುದು ನಾಟಕದವರ ಜೊತೆ. ಅದನ್ನು ಬಿಟ್ಟು ಮತ್ತೆ ಮೊದಲಿಂದ ಶುರು ಮಾಡಿ ಅನ್ನುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ. ದೇವಸ್ಥಾನ ಹತ್ತಿರ ಅನ್ನುವುದೊಂದು ಕಾರಣವಾ?

ಕಲೆಯಿಂದ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದಕ್ಕೆ ಆಧಾರ ಬೇಕಿದ್ದರೆ ಅದೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರದಿ ತಂದಿತು, ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳ ಪರಾಮರ್ಶೆ ಇದೆ. ಆದರೆ ದಯವಿಟ್ಟು ಇದನ್ನು ಮನೆಯಲ್ಲಿ ವಾದಕ್ಕೆ ಬಳಸಬೇಡಿ. ನಾಟಕ ಔಷಧಿ ಅಂತ ಹೇಳಿ ಒಪ್ಪಿಸಿದರೆ, ಬಿಪಿ ಇಳಿಯದ ದಿನ ಔಷಧಿ ನಿಲ್ಲಿಸು ಅನ್ನುತ್ತಾರೆ. ನನಗೆ ಅಲ್ಲಿ ಹೋಗುವುದು ಇಷ್ಟ ಅಂತ ಹೇಳಿ. 57 ವರ್ಷದಲ್ಲಿ ಈ ವಾಕ್ಯ ಮನೆಯಲ್ಲಿ ಎಷ್ಟು ಸಲ ಹೇಳಿದ್ದೀರಿ?

ಈಗ ಮಗು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆಯಲ್ಲಿ ರಿಟೈರ್ ಆದ ತಾತ ಇದ್ದಾರೆ. ಆದರೂ ಮೊಮ್ಮಗಳನ್ನು ನೋಡಿಕೊಳ್ಳುವ ಮಾತಿನಲ್ಲಿ ಅವರ ಹೆಸರೇ ಬರುವುದಿಲ್ಲ. ಏಳು ವರ್ಷದ ಹುಡುಗಿ, ಸ್ಕೂಲಿಂದ ಬಂದಾಗ ನೀವು ಮನೆಯಲ್ಲೇ ಇರುತ್ತೀರಿ, ತಿಂಡಿ ಕೊಟ್ಟೇ ಹೊರಡುತ್ತೀರಿ. ಆಮೇಲೆ ಹೋಂವರ್ಕ್ ಮಾಡಿಸುವುದು, ಪಾರ್ಕಿಗೆ ಕರೆದುಕೊಂಡು ಹೋಗುವುದು ತಾತನಿಂದ ಆಗದ ಕೆಲಸವೇನಲ್ಲ. ವಾರಕ್ಕೆ ಮೂರು ದಿನದಂತೆ ಏಳು ವಾರಕ್ಕೆ 21 ಸಂಜೆ. ಆ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಡುಗೆಮನೆ ಗೋಡೆಗೆ ನೇತುಹಾಕಿ. ಮಗನಿಗೂ ಸೊಸೆಗೂ ಎದುರಿಗೇ ಕೂರಿಸಿ ಹೇಳಿ. ಅವರ ಕಷ್ಟ ಸುಳ್ಳಲ್ಲ. ಈ ಟ್ರಾಫಿಕ್ಕಿನಲ್ಲಿ ಎಂಟು ಗಂಟೆಗೆ ಮನೆ ಸೇರುವುದೇ ದೊಡ್ಡದು. ಇವತ್ತು ಅಮ್ಮ ಇರುತ್ತಾಳೋ ಇಲ್ಲವೋ ಅನ್ನುವುದು ಗೊತ್ತಾಗದೆ ಮುಖ ಕೆಡುತ್ತಿರಬಹುದು. ನಿರ್ದೇಶಕರನ್ನೂ ಒಂದು ಮಾತು ಕೇಳಿ, ನಿಮ್ಮ ದೃಶ್ಯ ಇಲ್ಲದ ದಿನವೂ ಬರಲೇಬೇಕಾ ಅಂತ. ಎಷ್ಟೋ ತಂಡಗಳಲ್ಲಿ ಕೊನೆಯ ಎರಡು ವಾರದವರೆಗೆ ದೃಶ್ಯ ಬಿಡಿಬಿಡಿಯಾಗಿ ಮಾಡಿಸುತ್ತಾರೆ. ಆಗ 21 ಅನ್ನುವುದು 14ಕ್ಕೂ ಇಳಿಯಬಹುದು.

ಮಾತು ಮರೆಯುವುದಕ್ಕೆ ಒಂದು ಹಳೇ ಉಪಾಯ. ನಿಮ್ಮ ಮಾತನ್ನಷ್ಟೇ ಉರು ಹೊಡೆಯಬೇಡಿ. ಅದಕ್ಕೆ ಮುಂಚೆ ಎದುರಿನವರು ಏನು ಹೇಳುತ್ತಾರೆ ಅನ್ನುವುದನ್ನು ಕಲಿಯಿರಿ. ಮಾತು ತಪ್ಪುವುದು ಬಹಳ ಸಲ ಅಲ್ಲೇ. ಎದುರಿನವರ ಮಾತನ್ನು ಮೊಮ್ಮಗಳ ಕೈಲಿ ಓದಿಸಿ. ಕನ್ನಡ ಓದುವುದೂ ಆಗುತ್ತದೆ ಅವಳಿಗೆ. ನೀವು ಸೊಪ್ಪು ಬಿಡಿಸುತ್ತಾ ಉತ್ತರ ಕೊಡಿ. ಕೈ ಕೆಲಸದಲ್ಲಿದ್ದಾಗ ಬರುವ ಮಾತು ರಂಗದ ಮೇಲೂ ಬರುತ್ತದೆ.

ಇನ್ನು ಯಜಮಾನರು. ಮೂರು ವರ್ಷದ ಹಿಂದೆ ಅವರ ಆಫೀಸು ಮುಗಿಯಿತು. ಈಗ ಸಂಜೆ ಆರೂವರೆಯ ತಾಲೀಮಿಗೆ ಹೆಂಡತಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುತ್ತಾಳೆ. ಅವಳಿಗೆ ಹೋಗಲು ಜಾಗ ಇದೆ, ಅವರಿಗಿಲ್ಲ. "ದುಡ್ಡು ಕೊಡ್ತಾರಾ" ಅನ್ನುವುದರ ಕೆಳಗೆ ಇದು ಇರಬಹುದು. ತಪ್ಪಾಗಿದ್ದರೆ ಕ್ಷಮಿಸಿ, ಆದರೆ ಹೀಗಿರುವ ಎಷ್ಟೋ ಮನೆ ನೋಡಿದ್ದೇನೆ. ಒಂದು ಭಾನುವಾರ ಅವರನ್ನು ಸುಮ್ನೆ ಒಂದು ನಾಟಕಕ್ಕೆ ಕರೆದುಕೊಂಡು ಹೋಗಿ. ರಾಜಾಜಿನಗರದಲ್ಲಿ ಹಸಿರು ಮೆಟ್ರೊ ಹತ್ತಿದರೆ ಎಲ್ಲೂ ಬದಲಾಯಿಸದೆ ಜೆ.ಪಿ. ನಗರ ಸೇರಬಹುದು. ಅಲ್ಲಿಂದ ಆಟೋದಲ್ಲಿ ರಂಗಶಂಕರ. ಟೈಮಿಗೆ ಸರಿಯಾಗಿ ಹೋಗಿ, ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಅಕೌಂಟ್ಸ್‌ನವರಿಗೆ ಆ ಶಿಸ್ತಾದರೂ ಇಷ್ಟವಾಗಬಹುದು. ಇನ್ನೊಂದು, ಯಾವ ಹವ್ಯಾಸಿ ತಂಡದಲ್ಲೂ ಲೆಕ್ಕ ಬರೆಯುವವರಿಗೆ ಬರ. ಹಾಲ್ ಬಾಡಿಗೆ, ಮೇಕಪ್, ಲೈಟು, ಟೆಂಪೋ, ಎಲ್ಲ ಯಾರದೋ ಜೇಬಿನ ಚೀಟಿಯಲ್ಲಿರುತ್ತದೆ. ನೀವೇ ಅವರಿಗೆ ಹೇಳಿದರೆ ಆಗಲ್ಲ ಅನ್ನುತ್ತಾರೆ. ತಂಡದವರಿಂದ ಕೇಳಿಸಿ. ಒಪ್ಪದಿದ್ದರೆ ಬಲವಂತ ಬೇಡ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಂಡ ಅಂದರೆ ಎಲ್ಲ ದೇವರಲ್ಲ. ಚಂದಾ ಸರಿ. ಐವತ್ತು ಟಿಕೆಟ್ ಕೈಗಿಟ್ಟು, ಮಾರಾಟವಾಗದಿದ್ದರೆ ನೀವೇ ತುಂಬಿ ಅಂದರೆ ಆಗಲ್ಲ ಅನ್ನಿ. ಕೂಗಾಡಿ ಅವಮಾನ ಮಾಡುವುದನ್ನೇ ನಿರ್ದೇಶನ ಅಂದುಕೊಂಡವರೂ ಇದ್ದಾರೆ. ಅಂಥ ಕಡೆಯಿಂದ ಅರ್ಧಕ್ಕೇ ಎದ್ದು ಬಂದರೂ ತಪ್ಪಿಲ್ಲ. ಒಂಬತ್ತರ ಮೇಲೆ ಮನೆಗೆ ಹೇಗೆ ಬರುತ್ತೀರಿ ಅನ್ನುವುದನ್ನು ಪಕ್ಕದ ಬೀದಿಯವರ ಜೊತೆ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಊಟದ ಮಾತು ಉಳಿಯಿತು. ಮುಂದಿನ ತಾಲೀಮಿನ ದಿನ ಐದು ಗಂಟೆಗೇ ಅನ್ನ, ಸಾರು ಮಾಡಿಡಿ. ಬಡಿಸಿಡಬೇಡಿ. ಬೆಂಕಿಪೊಟ್ಟಣ, ಸೌಟು ಎಲ್ಲಿದೆ ಅಂತ ಮಾತ್ರ ತೋರಿಸಿ ಹೊರಡಿ.