ಅಡಿಕೆ ತೋಟದಿಂದ ಎಂಐಟಿಗೆ ಅರ್ಜಿ: ಒಂದು ಆಪ್ತಸಲಹೆ ಪ್ರಕರಣ

ಹುಡುಗಿ ಮಲೆನಾಡಿನವಳು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಕಾಲೇಜು ಪ್ರವೇಶದ ಸಲಹೆಗೆ ನನ್ನ ಹತ್ತಿರ ಬಂದಾಗ ಫಸ್ಟ್ ಪಿಯುಸಿ ಮುಗಿಯುತ್ತಾ ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ, ಗಣಿತದಲ್ಲಿ ನಿಜವಾದ ಆಸಕ್ತಿ. ಅಮೆರಿಕದ ಎಂಐಟಿ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಅಥವಾ ಅಂಥದ್ದೇ ಒಂದು ಕಾಲೇಜು ಸೇರಬೇಕು ಅನ್ನೋದು ಆಸೆ. ಅವಳ ಅಪ್ಪಯ್ಯನ ಕೈಯಲ್ಲಿ ಎರಡು ಬ್ರೋಷರ್ ಇದ್ದವು. ಒಂದು ಅಮೆರಿಕದ ದೊಡ್ಡ ಕ್ಯಾಂಪಸ್ಸಿನಲ್ಲಿ ನಡೆಯುವ ಬೇಸಿಗೆ ಕೋರ್ಸಿನದು. ಇನ್ನೊಂದು, ದುಡ್ಡು ಕೊಟ್ಟರೆ ಸಂಶೋಧನಾ ಪ್ರಬಂಧ ಪ್ರಕಟಿಸಿಕೊಡುತ್ತೇವೆ ಅನ್ನುವವರದು.

"ಸಾಲ ಮಾಡಿಯಾದ್ರೂ ಕಳಿಸ್ತೀನಿ ಸರ್. ಇದಿದ್ರೆ ಸೀಟು ಗ್ಯಾರಂಟಿ ಅಲ್ವಾ?"

ಅಲ್ಲ. ಆ ಬೇಸಿಗೆ ಕೋರ್ಸಿಗೆ ದುಡ್ಡು ಕಟ್ಟುವವರಿಗೆಲ್ಲ ಹೆಚ್ಚುಕಡಿಮೆ ಸೀಟು ಸಿಗುತ್ತದೆ ಅನ್ನೋದು ಪ್ರವೇಶ ವಿಭಾಗದವರಿಗೆ ಚೆನ್ನಾಗಿ ಗೊತ್ತು. ಕೊಂಡ ಪ್ರಬಂಧವನ್ನು ಕಂಡುಹಿಡಿಯುವುದೂ ಅವರಿಗೆ ಕಷ್ಟವಲ್ಲ. ಗ್ಯಾರಂಟಿ ಅನ್ನುವ ಮಾತೇ ಈ ವ್ಯವಹಾರದಲ್ಲಿಲ್ಲ ಅಂತ ಮೊದಲೇ ಹೇಳಿದೆ. 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿಗಳು 54,008. ಸೀಟು ಸಿಕ್ಕಿದ್ದು 1,937 ಮಂದಿಗೆ.

ಎರಡೂ ಬ್ರೋಷರ್ ಪಕ್ಕಕ್ಕಿಟ್ಟು, ದಿನಾ ಕಾಲೇಜು ಮುಗಿದ ಮೇಲೆ ಏನು ಮಾಡ್ತೀಯಾ ಅಂತ ಹುಡುಗಿಯನ್ನು ಕೇಳಿದೆ. "ಏನಿಲ್ಲ ಸರ್, ಮನೆ ಕೆಲಸ" ಅಂದಳು. ಕೆದಕಿದಾಗ ಗೊತ್ತಾಯಿತು: ಅವಳ ಅಜ್ಜ ಅಂಗಳದ ಮಳೆಮಾಪಕ ನೋಡಿ ಪ್ರತಿದಿನದ ಮಳೆ ಬರೆದಿಟ್ಟ ಡೈರಿಗಳು ಮನೆಯಲ್ಲಿವೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈ ಅಭ್ಯಾಸ ಉಂಟು. ಇವಳು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಅಡಿಕೆಗೆ ಕೊಳೆರೋಗ ಬಂದ ವರ್ಷಗಳ ಜೊತೆ ಹೋಲಿಸಿದ್ದಳು. ಒಟ್ಟು ಮಳೆ ಎಷ್ಟು ಅನ್ನೋದಕ್ಕಿಂತ ಎಷ್ಟು ದಿನ ಬಿಡದೆ ಹೊಡೆಯಿತು ಅನ್ನೋದೇ ಮುಖ್ಯ ಅಂತ ಅವಳಿಗೆ ಕಂಡಿತ್ತು. ಈಗ ಮಳೆ ಸ್ವಲ್ಪ ಹೊಳವಾದರೆ ಅಕ್ಕಪಕ್ಕದ ಏಳು ಮನೆಗೆ ವಾಟ್ಸಾಪ್‌ನಲ್ಲಿ ಹೇಳುತ್ತಾಳೆ, ಇವತ್ತು ಬೋರ್ಡೋ ಔಷಧಿ ಹೊಡೆಸಿ ಅಂತ. ಇದು ಅವಳ ಅರ್ಜಿಯ ಕರಡಿನಲ್ಲಿ ಎಲ್ಲೂ ಇರಲಿಲ್ಲ! ಅಲ್ಲಿದ್ದದ್ದು ಚರ್ಚಾ ಸ್ಪರ್ಧೆ, ಯೋಗ, ಸ್ವಚ್ಛತಾ ಅಭಿಯಾನ.

ಅಮೆರಿಕದ ನೂರಾರು ಕಾಲೇಜುಗಳು ತೆಗೆದುಕೊಳ್ಳುವ ಕಾಮನ್ ಆ್ಯಪ್ ಅನ್ನುವ ಆನ್‌ಲೈನ್ ಅರ್ಜಿಯಲ್ಲಿ ಹತ್ತು ಚಟುವಟಿಕೆ ಬರೆಯಬಹುದು, ಪ್ರತಿಯೊಂದರ ವಿವರಕ್ಕೆ 150 ಅಕ್ಷರ. ಮನೆಯ ಜವಾಬ್ದಾರಿ ಅನ್ನುವ ವಿಭಾಗವೂ ಅದರಲ್ಲಿದೆ. ಎಂಐಟಿಯ ಅರ್ಜಿ ಬೇರೆ, ಅದು ಇನ್ನೂ ಕಡಿಮೆ ಚಟುವಟಿಕೆ ಕೇಳುತ್ತದೆ. ಹತ್ತನ್ನೂ ತುಂಬಲೇಬೇಕು ಅಂತಿಲ್ಲ ಅಂದೆ. ಅವಳು ಮೊದಲು ಬರೆದದ್ದು ‘ಹವಾಮಾನ ಬದಲಾವಣೆಯಲ್ಲಿ ತೀವ್ರ ಆಸಕ್ತಿ, ನಾಯಕತ್ವ’. ಕೊನೆಗೆ ಉಳಿದದ್ದು ಹೀಗೆ: ‘ಅಜ್ಜನ 31 ವರ್ಷದ ಮಳೆ ಲೆಕ್ಕ ಟೈಪ್ ಮಾಡಿ ಕೊಳೆರೋಗದ ಜೊತೆ ಹೋಲಿಸಿದೆ, ಔಷಧಿ ಹೊಡೆಯುವ ದಿನವನ್ನು 7 ಮನೆಗೆ ತಿಳಿಸುತ್ತೇನೆ.’ ಬೇಸಿಗೆ ರಜೆಯಲ್ಲಿ ಮಾಡಬೇಕಾದ ಕೆಲಸವೂ ಅಲ್ಲೇ ಸಿಕ್ಕಿತು. ಪಕ್ಕದೂರಿನ ಇಬ್ಬರು ಬೆಳೆಗಾರರ ಡೈರಿ ತಂದು, ಅವಳ ಲೆಕ್ಕ ಅಲ್ಲೂ ನಿಲ್ಲುತ್ತದಾ ಅಂತ ನೋಡುವುದು. ಒಂದು ತೋಟದಲ್ಲಿ ನಿಲ್ಲಲಿಲ್ಲ. ಅದನ್ನೂ ಬರೆಯಲು ಹೇಳಿದೆ.

ನಮ್ಮ ಪಿಯು ಮಕ್ಕಳಿಗೆ ನಿಜವಾದ ತೊಡಕು ಕಾಗದಪತ್ರದ್ದು. ಆ ಕಾಲೇಜುಗಳು ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಅಂಕ ಕೇಳುತ್ತವೆ. ನಮ್ಮಲ್ಲಿ ಹತ್ತರವರೆಗೆ ಒಂದು ಶಾಲೆ, ಆಮೇಲೆ ಬೇರೆ ಕಾಲೇಜು. ಒಂಬತ್ತನೇ ತರಗತಿಯ ಅಂಕಪಟ್ಟಿಗೆ ಹಳೇ ಹೈಸ್ಕೂಲಿನ ಹೆಡ್‌ಮಾಸ್ಟರ್ ಹತ್ತಿರ ಓಡಬೇಕು. ಅರ್ಜಿ ಹಾಕುವುದು ನವೆಂಬರ್–ಜನವರಿಯಲ್ಲಿ, ಸೆಕೆಂಡ್ ಪಿಯು ಪರೀಕ್ಷೆ ಅದಾದ ಮೇಲೆ. ಹಾಗಾಗಿ ಮಿಡ್‌ಟರ್ಮ್ ಅಂಕವೇ ಹೋಗುತ್ತದೆ. ಮಕ್ಕಳು ಹೆದರಿ ಓದಲಿ ಅಂತ ಮಿಡ್‌ಟರ್ಮ್‌ನಲ್ಲಿ ಕೈ ಬಿಗಿ ಹಿಡಿಯುವುದು ನಮ್ಮ ಲೆಕ್ಚರರ್‌ಗಳ ಹಳೇ ಪದ್ಧತಿ. ಬೋಸ್ಟನ್ ಪಕ್ಕದಲ್ಲಿ ಕೂತ ಎಂಐಟಿಯವರಿಗೆ ಇದು ಹೇಗೆ ಗೊತ್ತಾಗಬೇಕು? ಪ್ರಿನ್ಸಿಪಾಲರಿಗೆ ಒಂದು ಪುಟದ ಕಾಲೇಜು ಪರಿಚಯ ಬರೆಯಲು ಕೇಳಿಕೊಂಡೆವು: ಎಷ್ಟು ಮಕ್ಕಳು, ಯಾವ ಬೋರ್ಡ್, ಮಿಡ್‌ಟರ್ಮ್‌ನಲ್ಲಿ ತರಗತಿಯ ಅತಿ ಹೆಚ್ಚು ಅಂಕ ಎಷ್ಟು. ಅವಳ ಗಣಿತದ 78 ತರಗತಿಗೇ ಹೆಚ್ಚು ಅನ್ನೋದು ಆ ಪುಟದಿಂದಲೇ ತಿಳಿಯಬೇಕು.

ಶಿಫಾರಸು ಪತ್ರದ್ದು ಇನ್ನೊಂದು ಕಥೆ. ಎಂಐಟಿ ಇಬ್ಬರು ಶಿಕ್ಷಕರ ಪತ್ರ ಕೇಳುತ್ತದೆ. ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಭಾಷೆ, ಇತಿಹಾಸದಂಥ ವಿಷಯದವರು. ಗಣಿತದ ಮೇಷ್ಟ್ರು, "ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ" ಅಂದರಂತೆ. ಅವರಿಗೆ ಸೋಮಾರಿತನವಲ್ಲ, ಇಂಥ ಪತ್ರ ಯಾರೂ ಅವರನ್ನು ಕೇಳಿರಲಿಲ್ಲ. ಬರೆದುಕೊಂಡು ಹೋಗಬೇಡ ಅಂದೆ. ಅದು ಸುಳ್ಳು, ಸಿಕ್ಕಿಬಿದ್ದರೆ ಎಲ್ಲವೂ ಹೋಯಿತು. ಬದಲಿಗೆ ತರಗತಿಯಲ್ಲಿ ನಡೆದ ಮೂರ್ನಾಲ್ಕು ಘಟನೆ ನೆನಪಿಸುವ ಚೀಟಿ ಕೊಟ್ಟು, ಪತ್ರ ನೀವೇ ಬರೀರಿ ಸರ್ ಅಂತ ಕೇಳಲು ಹೇಳಿದೆ. ಬರೆದರು. ಬೋರ್ಡಿನ ಮೇಲೆ ತಾವು ಮಾಡಿದ ತಪ್ಪನ್ನು ಹುಡುಗಿ ಇಂಟರ್‌ವಲ್‌ನಲ್ಲಿ ಬಂದು, ಯಾರೂ ಇಲ್ಲದಾಗ ತೋರಿಸಿದ್ದನ್ನು ಅವರೇ ನೆನಪಿಟ್ಟುಕೊಂಡಿದ್ದರು.

ಇನ್ನು ದುಡ್ಡು. ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಅಮ್ಹರ್ಸ್ಟ್ ಇವು ವಿದೇಶಿ ಮಕ್ಕಳಿಗೂ ನೆರವು ಬೇಕೋ ಬೇಡವೋ ನೋಡದೆ ಸೀಟು ಕೊಡುತ್ತವೆ. ಆಮೇಲೆ ಬೇಕಾದಷ್ಟು ನೆರವೂ ಕೊಡುತ್ತವೆ. ಸ್ಟ್ಯಾನ್‌ಫರ್ಡ್‌ನಂಥ ಕಡೆ ವಿದೇಶಿಯರು ನೆರವು ಕೇಳಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬರ್ಕ್ಲಿಯಂಥ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೆ ನೆರವಿನ ಆಸೆ ಬಿಡುವುದೇ ಒಳ್ಳೆಯದು. ಬರ್ಕ್ಲಿಯನ್ನು ಪಟ್ಟಿಯಿಂದ ತೆಗೆದೆವು. ಅಪ್ಪಯ್ಯನಿಗೆ ಬೇಸರವಾಯಿತು, ನೆಂಟರ ಹುಡುಗ ಅಲ್ಲಿದ್ದಾನೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಅವರ ಮನೆಯಲ್ಲಿ ರಿಟರ್ನ್ಸ್ ಇಲ್ಲ. ಮೂರು ವರ್ಷದ ಮಂಡಿ ಪಟ್ಟಿ, ಸೊಸೈಟಿ ಸಾಲದ ಲೆಕ್ಕ, ಪಹಣಿ ಎಲ್ಲ ಸೇರಿಸಿ ಒಂದು ವಿವರಣೆ ಬರೆಸಿದೆ. ತೋಟದ ಬೆಲೆ ಕಾಗದದ ಮೇಲೆ ಕೋಟಿ ದಾಟುತ್ತದೆ. ಅದು ಇನ್ನೂ ಪಾಲಾಗದ ಆಸ್ತಿ, ಮೂವರು ಅಣ್ಣತಮ್ಮಂದಿರದ್ದು ಅಂತ ಸ್ಪಷ್ಟವಾಗಿ ಹೇಳದಿದ್ದರೆ ಶ್ರೀಮಂತರು ಅಂದುಕೊಳ್ಳುತ್ತಾರೆ.

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಚೆನ್ನಾಗಿ ಆಯಿತು. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಎಂಐಟಿಗೆ ಅದು ಕಡ್ಡಾಯ, ಬರೆಯಲೇಬೇಕು.

ಊರಿನ ದಾರಿ ಮುಚ್ಚಬೇಡ ಅಂತ ಮೊದಲಿಂದ ಹೇಳುತ್ತಿದ್ದೆ. ಸಿಇಟಿಗೂ, ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿಗೂ ಅರ್ಜಿ ಹಾಕಿದಳು. ಐಎಟಿ ಅಂಕದ ಮೇಲೆ ಬೆಂಗಳೂರಿನ ಐಐಎಸ್‌ಸಿಯ ಪದವಿ ಕೋರ್ಸಿಗೂ ಪ್ರಯತ್ನ ಮಾಡಬಹುದು. ಅದೇನು ಎರಡನೇ ದರ್ಜೆಯ ಆಯ್ಕೆ ಅಲ್ಲ.

ಎಂಐಟಿ ಬೇಡ ಅಂದಿತು. ಅಮೆರಿಕದ ಒಂದು ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜು (ಕಲೆ, ವಿಜ್ಞಾನ ಎರಡನ್ನೂ ಕಲಿಸುವ ಪದವಿ ಕಾಲೇಜು) ಕರೆದಿದೆ. ನೆರವು ಕಳೆದು ವರ್ಷಕ್ಕೆ ಸುಮಾರು ಮೂರು ಲಕ್ಷ ಮನೆಯಿಂದ ಹೋಗಬೇಕು, ವಿಮಾನದ ಖರ್ಚು ಬೇರೆ. ಮೇ 1ರೊಳಗೆ ಉತ್ತರ ಕೊಡಬೇಕು. ಅಪ್ಪಯ್ಯ ಅಣ್ಣತಮ್ಮಂದಿರ ಜೊತೆ ಕೂತು ಲೆಕ್ಕ ಹಾಕುತ್ತಿದ್ದಾರೆ, ಹುಡುಗಿ ಐಎಟಿಗೆ ಓದುತ್ತಿದ್ದಾಳೆ.